ಜಡೆ ಹೆಣೆದ ಚುರುಟು

ಹೊಗೆಸೊಪ್ಪಿನ ವಿಚಾರವನ್ನು ಮೇಷ್ಟ್ರೇ ಬರೆಯತೊಡಗಿದರಲ್ಲಾ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸದಿರಲಿ. ಸೇದುವ ಚಟದ ಬಗ್ಗೆ ತರಗತಿಯಲ್ಲಿ ಹೇಳುತ್ತಿದ್ದ ಮಾತಿಗೆ ನಾನು ಇಂದಿಗೂ ಬದ್ಧ. ಇಲ್ಲಿ ಹೇಳಹೊರಟಿರುವುದು ಚುರುಟು ಸುತ್ತಿದವರ ಸಂಗತಿ.

ಸ್ಪ್ಯಾನಿಷ್ ಭಾಷೆಯಲ್ಲಿ 'ಕುಲೇಬ್ರಾ' ಎಂದರೆ ಹಾವು. ಆ ಹೆಸರಿನ ಚುರುಟೊಂದುಂಟು. ಹೆಣ್ಣುಮಕ್ಕಳ ಮೂರೆಳೆಯ ಜಡೆಯಂತೆ, ಮೂರು ಸಪೂರವಾದ ಚುರುಟುಗಳನ್ನು ಒಂದಕ್ಕೊಂದು ಹೆಣೆದು ದಾರದಿಂದ ಕಟ್ಟಿರುತ್ತಾರೆ. ಒಣಗಿದ ಚುರುಟನ್ನು ಬಗ್ಗಿಸಿದರೆ ಮುರಿಯುವುದು ಸಹಜ. ಆದ್ದರಿಂದ ಎಲೆಯಲ್ಲಿ ಇನ್ನೂ ತೇವವಿರುವಾಗಲೇ ಹೆಣೆದು, ಹಾಗೆಯೇ ಒಣಗಲು ಬಿಡುತ್ತಾರೆ. ಆಮೇಲೆ ದಾರ ಬಿಚ್ಚಿ ಬೇರ್ಪಡಿಸಿದರೂ ಮೂರೂ ಹಾವಿನಂತೆ ಡೊಂಕಾಗಿಯೇ ಉಳಿಯುತ್ತವೆ. ಹವಾನಾದ ಹೆಸರಾಂತ ಪಾರ್ತಗಾಸ್ ಸಂಸ್ಥೆಯೂ ಇಂಥವನ್ನು ತಯಾರಿಸಿದೆ.

ಇದು ಹುಟ್ಟಿದ ಬಗೆಯನ್ನು ಚುರುಟಿನ ವರ್ತಕರು ಹೀಗೆ ಹೇಳುತ್ತಾರೆ: ಕಾರ್ಖಾನೆಯಲ್ಲಿ ಸುತ್ತುವವರಿಗೆ ಸ್ವಂತ ಉಪಯೋಗಕ್ಕೆಂದು ದಿನಕ್ಕೆ ಮೂರು ಚುರುಟು ಕೊಡುವ ವಾಡಿಕೆಯಿತ್ತು. ಆ ನೆಪದಲ್ಲಿ ಅವರು ಹೆಚ್ಚಿಗೆ ಒಯ್ದಾರು, ಹೊರಗೆ ಮಾರಿಯಾರು ಎಂಬುದು ಮಾಲೀಕರ ಅನುಮಾನ. ಹಾಗಾಗಿ ಕಾರ್ಮಿಕರ ಪಾಲಿನದನ್ನು ಹೆಣೆದು ಡೊಂಕು ಮಾಡಿಸಿದರು. ಕೆಲಸಗಾರನ ಬಾಯಲ್ಲಿ ನೆಟ್ಟಗಿನ ಚುರುಟು ಕಂಡರೆ ಅದು ಕದ್ದದ್ದೆಂದೇ ಲೆಕ್ಕ! ಕ್ಯೂಬಾದ ಈ ಕಥೆಯನ್ನು ಫಿಲಿಪ್ಪೀನ್ಸಿಗೂ ಅನ್ವಯಿಸಿ ಹೇಳುವವರಿದ್ದಾರೆ. ಎರಡೂ ಸ್ಪೇನಿನ ವಸಾಹತುಗಳಾಗಿದ್ದವಷ್ಟೆ.

ವರ್ತಕರು ಇದನ್ನು ವಿನೋದವೆಂಬಂತೆ, ಸರಕಿನ ಬೆಲೆ ಏರಿಸುವ ಒಗ್ಗರಣೆಯಂತೆ ಬಳಸುತ್ತಾರೆ. ನನಗೇನೋ ನಗು ಬರುವುದಿಲ್ಲ. ದಿನವಿಡೀ ಬೆರಳು ಸವೆಸಿ ನೂರು ನೇರ ಚುರುಟು ಸುತ್ತಿದವನಿಗೆ ದಕ್ಕುವುದು ಡೊಂಕಾದದ್ದು; ಅದೂ ಅವನು ಕಳ್ಳನಿರಬಹುದೆಂಬ ಗುರುತಿನೊಂದಿಗೆ. ಕಥೆ ವರ್ತಕರ ಬಾಯಿಮಾತೇ ಇರಬಹುದು, ಆದರೆ ಅದರೊಳಗಿನ ಅಪನಂಬಿಕೆ ಕಲ್ಪನೆಯದಲ್ಲ. ಸ್ಪೇನಿನ ಸೆವಿಲ್ ನಗರದ ಸರ್ಕಾರಿ ತಂಬಾಕು ಕಾರ್ಖಾನೆಯಲ್ಲಿ (1875ರಲ್ಲಿ ರಂಗಕ್ಕೆ ಬಂದ 'ಕಾರ್ಮೆನ್' ಗೀತನಾಟಕದ ನಾಯಕಿ ಕೆಲಸ ಮಾಡುವುದು ಅಲ್ಲಿಯೇ) ಸಂಜೆ ಮನೆಗೆ ಹೊರಟ ಹೆಂಗಸರನ್ನು ಬಾಗಿಲಲ್ಲಿ ತಡೆದು ತಪಾಸಣೆ ಮಾಡಲಾಗುತ್ತಿತ್ತು.

ದೂರದ ಊರಿನ ಮಾತೆಂದು ನಾವು ಹಗುರಾಗಿ ಕೂಡುವಂತಿಲ್ಲ. ನಮ್ಮ ದಕ್ಷಿಣ ಕನ್ನಡದ ಮನೆಮನೆಗಳಲ್ಲಿ ಬೀಡಿ ಕಟ್ಟಿದ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ತೂಗಿಕೊಟ್ಟ ಎಲೆ ಇಷ್ಟು, ಬರಬೇಕಾದ ಬೀಡಿ ಇಷ್ಟು. ಕಡಿಮೆ ಬಿದ್ದರೆ ಹೊಣೆ ಅವಳದೇ. ಸರಿಯಿಲ್ಲವೆಂದು ತೆಗೆದುಹಾಕಿದ ಬೀಡಿಗೆ ಕೂಲಿಯೂ ಇಲ್ಲ. 1966ರಲ್ಲಿ ನಮ್ಮ ಸಂಸತ್ತು ಬೀಡಿ ಮತ್ತು ಚುರುಟು ಕಾರ್ಮಿಕರಿಬ್ಬರಿಗೂ ಸೇರಿಸಿ ಒಂದೇ ಕಾಯಿದೆ ಮಾಡಿದಾಗ, ಕಚ್ಚಾ ಸಾಮಗ್ರಿ ಕೊಡುವ ಬಗ್ಗೆ, ತಿರಸ್ಕೃತ ಮಾಲಿನ ಬಗ್ಗೆ, ಅದರ ಕೂಲಿಯ ಬಗ್ಗೆ ಏಳುವ ವ್ಯಾಜ್ಯಗಳನ್ನು ತೀರ್ಮಾನಿಸಲು ಪ್ರತ್ಯೇಕ ಸೆಕ್ಷನ್ನನ್ನೇ ಬರೆಯಬೇಕಾಯಿತು. ಜಗಳ ಎಲ್ಲಿ ಹುಟ್ಟುತ್ತದೆಂಬುದು ಕಾಯಿದೆ ಬರೆದವರಿಗೆ ಚೆನ್ನಾಗಿ ತಿಳಿದಿತ್ತು.

ಮತ್ತೆ ಹವಾನಾಕ್ಕೆ ಬರೋಣ. ಅನುಮಾನಕ್ಕೆ ಗುರಿಯಾದ ಆ ಕೆಲಸಗಾರರು ತಮ್ಮ ಹಣವನ್ನು ಯಾವುದಕ್ಕೆ ವ್ಯಯಿಸುತ್ತಿದ್ದರು ಗೊತ್ತೇ? ಪುಸ್ತಕ ಓದಿಸಿಕೊಳ್ಳುವುದಕ್ಕೆ! ಅವರಲ್ಲಿ ಬಹುಮಂದಿಗೆ ಅಕ್ಷರ ಬಾರದು. 1865ರಲ್ಲಿ ಎಲ್ ಫಿಗರೋ ಎಂಬ ಕಾರ್ಖಾನೆಯಲ್ಲಿ, ಕೈಗಳು ಎಲೆ ಸುತ್ತುತ್ತಿರುವಾಗ ಒಬ್ಬರು ಎತ್ತರದ ದನಿಯಲ್ಲಿ ಓದುವ ಪದ್ಧತಿ ಆರಂಭವಾಯಿತು. ಮರುವರ್ಷ ಪಾರ್ತಗಾಸ್ ಕಾರ್ಖಾನೆಗೂ ಬಂತು. ಓದುವವರ ಸಂಬಳವನ್ನು ಮಾಲೀಕ ಕೊಡುತ್ತಿರಲಿಲ್ಲ, ಕಾರ್ಮಿಕರೇ ತಮ್ಮ ಕೂಲಿಯಿಂದ ಒಟ್ಟುಗೂಡಿಸಿ ಕೊಡುತ್ತಿದ್ದರು. ಬೆಳಿಗ್ಗೆ ವೃತ್ತಪತ್ರಿಕೆ, ಬಳಿಕ ಕಾದಂಬರಿ. ಅಲೆಕ್ಸಾಂಡರ್ ಡ್ಯೂಮಾನ ಕಾದಂಬರಿಯ ನಾಯಕನ ಹೆಸರೇ 1935ರಲ್ಲಿ ಮಾಂಟೆಕ್ರಿಸ್ಟೋ ಚುರುಟಿನ ಹೆಸರಾಯಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗಟ್ಟಿಯಾಗಿ ಪಾಠ ಓದಿದ ನನ್ನಂಥವನಿಗೆ ಆ ಓದುಗರ ಮೇಲೆ ಸ್ವಲ್ಪ ಅಸೂಯೆಯೇ ಇದೆ. ಕೂಲಿಯಲ್ಲಿ ಪಾಲು ಕೊಟ್ಟು ಕೇಳುವ ಶ್ರೋತೃಗಳು ಯಾವ ಶಾಲೆಯಲ್ಲಿ ಸಿಕ್ಕಾರು?

ಆಳುವವರಿಗೆ ಇದು ಹಿಡಿಸಲಿಲ್ಲ. ಕೆಲಸಗಾರರ ಗಮನ ಕೆಡುತ್ತದೆಂದು ಹೇಳಿ 1866ರ ಮೇ ತಿಂಗಳಲ್ಲೇ ಸ್ಪೇನಿನ ಗವರ್ನರ್ ಓದುವಿಕೆಯನ್ನು ನಿಷೇಧಿಸಿದನು. ಮೂರು ಚುರುಟಿನ ಕಳ್ಳತನಕ್ಕಿಂತ ಒಂದು ಪತ್ರಿಕೆಯ ಓದು ಅವರಿಗೆ ದೊಡ್ಡ ಅಪಾಯವಾಗಿ ಕಂಡಿರಬೇಕು. ಪದ್ಧತಿ ಮಾತ್ರ ಸಾಯಲಿಲ್ಲ. ವಲಸೆ ಹೋದ ಕೆಲಸಗಾರರೊಡನೆ ಅಮೆರಿಕದ ಟ್ಯಾಂಪಾ ನಗರಕ್ಕೂ ತಲುಪಿತು. 1931ರಲ್ಲಿ ಅಲ್ಲಿನ ಮಾಲೀಕರು ಓದುವವರನ್ನು ತೆಗೆದುಹಾಕಿದಾಗ ಕಾರ್ಮಿಕರು ಮುಷ್ಕರ ಹೂಡಿದರು, ಫಲಿಸಲಿಲ್ಲ. ಕ್ಯೂಬಾದಲ್ಲಿ ಅದು ಉಳಿದುಬಂದು, 2012ರಲ್ಲಿ ರಾಷ್ಟ್ರದ ಸಾಂಸ್ಕೃತಿಕ ಪರಂಪರೆಯೆಂದು ಘೋಷಿತವಾಯಿತು. ಚುರುಟಿನ ವರ್ತಕರು ಡೊಂಕು ಜಡೆಯ ಕಥೆ ಹೇಳುವಾಗ ಇದನ್ನೂ ಸೇರಿಸಿ ಹೇಳಬಹುದಿತ್ತು.