ಅಣಕವಾಡಿನ ಒಳಮರ್ಮ



ಗೋಕಾಕ ಫಾಲ್ಸ್ ಎಂಬ ನಮ್ಮ ಊರಿನ ಹೆಸರಿನಲ್ಲಿಯೇ ಎರಡು ಭಾಷೆಗಳು ಕೂಡಿವೆ. ಘಟಪ್ರಭೆಯು 52 ಮೀಟರ್ ಎತ್ತರದಿಂದ ಧುಮ್ಮಿಕ್ಕುವ ಈ ತಾಣಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ನೂಲಿನ ಗಿರಣಿ ಬಂದಿತು. ಅದರ ಬೆನ್ನಿಗೆ ಆಂಗ್ಲ ಶಬ್ದಗಳೂ ಬಂದವು. ಇಂಥ ಬೆರಕೆ ಮಾತಿಗೆ ಪಂಡಿತರು ಹುಬ್ಬು ಗಂಟಿಕ್ಕುವುದುಂಟು. ಆದರೆ ಅದೇ ಬೆರಕೆಯಿಂದ ಜನರನ್ನು ನಗಿಸಿ ವಿಚಾರಕ್ಕೆ ಹಚ್ಚಿದ ತ್ಯಾಗರಾಜ ಪರಮಶಿವ ಕೈಲಾಸಂ ಅವರನ್ನು ಈ ತಿಂಗಳು ನೆನೆಯೋಣ.

1884ರಲ್ಲಿ ಜನಿಸಿದ ಕೈಲಾಸಂ ಅವರ ಮನೆಮಾತು ತಮಿಳು. ತಂದೆ ನ್ಯಾಯಾಧೀಶರು. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ಬಂದ ಮಗ ಸರಕಾರಿ ಹುದ್ದೆಯನ್ನು ತೊರೆದು ನಾಟಕವನ್ನು ಅಪ್ಪಿಕೊಂಡರು. ‘ಟೊಳ್ಳುಗಟ್ಟಿ’, ‘ಪೋಲಿಕಿಟ್ಟಿ’, ‘ಬಂಡ್ವಾಳಿಲ್ಲದ ಬಡಾಯಿ’ ಮೊದಲಾದ ಪ್ರಹಸನಗಳಲ್ಲಿ ಇಂಗ್ಲಿಷ್ ಬೆರೆತ ಕನ್ನಡವನ್ನೇ ಪಾತ್ರಗಳ ಬಾಯಲ್ಲಿರಿಸಿದರು. ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರನ್ನು ಅಕ್ಷರಶಃ ಬಿಡಿಸಿ ಹಾಡುವ ಇಂಗ್ಲಿಷ್ ಗೀತವೊಂದರ ಧಾಟಿಗೆ ‘ಕೋಳಿಕೆರಂಗ’ನನ್ನು ಕಟ್ಟಿದರು. ಅಲ್ಲಿ ನಮ್ಮ ಕಾಗುಣಿತವೇ ಹಾಡಾಗಿ ಕುಣಿಯಿತು. 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು; ಮರುವರ್ಷ ಅವರು ತೀರಿಕೊಂಡರು.

ಬೆರಕೆಯಾಡಿದ್ದು ಅಸಾಮರ್ಥ್ಯದಿಂದಲ್ಲ. ಕರ್ಣನನ್ನೂ ಏಕಲವ್ಯನನ್ನೂ ಕುರಿತು ಶುದ್ಧ ಆಂಗ್ಲದಲ್ಲಿ ಗಂಭೀರ ನಾಟಕಗಳನ್ನು ಬರೆದ ಕೈ ಅದು. ತಮ್ಮವರ ಸೋಗನ್ನು ತಮ್ಮವರಿಗೇ ತೋರಿಸಬೇಕಾದಾಗ ಅವರು ಆ ಮಾತನ್ನು ಬೇಕೆಂದೇ ಆರಿಸಿಕೊಂಡರು.

ಅಮೇರಿಕೆಯಲ್ಲಿ ಮಿಕ್ಕಿ ಕಾಟ್ಜ್ ಎಂಬ ಯಹೂದಿ ಸಂಗೀತಗಾರನಿದ್ದನು (1909–1985). ಕ್ಲಾರಿನೆಟ್ ವಾದನದಲ್ಲಿ ನಿಪುಣ. 1947ರಿಂದ ಅವನು ಜನಪ್ರಿಯ ಅಮೇರಿಕನ್ ಹಾಡುಗಳಿಗೆ ತನ್ನ ಹಿರಿಯರ ಯಿಡ್ಡಿಷ್ ಭಾಷೆಯನ್ನು ಬೆರೆಸಿ ಅಣಕವಾಡುಗಳನ್ನು ಧ್ವನಿಮುದ್ರಿಸಿದನು. ಯುರೋಪಿನ ನರಮೇಧದಲ್ಲಿ ಆ ಭಾಷೆಯನ್ನಾಡುವ ಲಕ್ಷಾಂತರ ಜನರು ಅಳಿದು ಆಗಿನ್ನೂ ಎರಡು ವರ್ಷ. ಅವನ ಹಾಡುಗಳಿಂದ ಮುಜುಗರಪಟ್ಟವರು ಪರಕೀಯರಲ್ಲ, ಅವನ ಸಮಾಜದವರೇ. ಮನೆಯ ಮಾತನ್ನು ಬೀದಿಗೆ ತಂದನೆಂಬುದು ಅವರ ಸಂಕೋಚ. ಆದರೆ ಆ ಮಾತು ಅಡುಗೆಮನೆಯಲ್ಲಿಯೇ ನಂದಿಹೋಗದಂತೆ ಕಾದವುಗಳಲ್ಲಿ ಆ ನಗೆಯೂ ಒಂದು.

ಇಲ್ಲಿ ನಾವು ಗಮನಿಸಬೇಕಾದ ಮರ್ಮವೊಂದಿದೆ. ಅಣಕವಾಡು ನಗೆ ತರಬೇಕಾದರೆ ಕೇಳುವವನಲ್ಲಿ ಎರಡೂ ಭಾಷೆಗಳು ಜೀವಂತವಾಗಿರಬೇಕು. ಒಂದು ಮರೆತರೆ ನಗೆಯೂ ಸತ್ತಂತೆ. ಕಾಟ್ಜನ ಶ್ರೋತೃಗಳ ಮೊಮ್ಮಕ್ಕಳಲ್ಲಿ ಅನೇಕರು ಯಿಡ್ಡಿಷ್ ಅರಿಯದೆ ಬೆಳೆದರು. ಅಜ್ಜ ನಕ್ಕ ಎಡೆಯಲ್ಲಿ ಅವರು ಸುಮ್ಮನೆ ಕುಳಿತರು.

ಹನ್ನೆರಡನೆಯ ಶತಮಾನದ ಶರಣರು ದೇವಭಾಷೆಯನ್ನು ಬದಿಗಿಟ್ಟು ಜನರಾಡುವ ಕನ್ನಡದಲ್ಲಿಯೇ ಅನುಭಾವವನ್ನು ನುಡಿದರು. ಅಂಬಿಗರ ಚೌಡಯ್ಯನವರ ಕಟಕಿಯ ಚಾಟಿಗೆ ಡಾಂಭಿಕರು ನಡುಗಿದ್ದು ಆ ಮಾತಿನ ಬಲದಿಂದಲೇ. ನಮ್ಮ ನೆರೆಯ ಕುಲಗೋಡ ತಮ್ಮಣ್ಣನವರ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ದ್ವಾರಕೆಯ ಸತ್ಯಭಾಮೆಯೂ ನಮ್ಮ ಸೀಮೆಯ ಹೆಣ್ಣುಮಗಳಂತೆ ಮುನಿಯುತ್ತಾಳೆ.

ಇಂದು ನಮ್ಮ ಮಕ್ಕಳು ಇಂಗ್ಲಿಷ್ ಕಲಿಯಲಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ‘ಹಳ್ಳಿ ಮಾತು ಬೇಡ’ ಎಂದು ತಾಯಂದಿರೇ ಮಗುವಿನ ಬಾಯಿ ಮುಚ್ಚಿಸುವುದನ್ನು ಕಂಡಾಗ ಕಳವಳವಾಗುತ್ತದೆ. ಅಜ್ಜಿಯ ಒಗಟಿಗೆ ಮೊಮ್ಮಗಳು ನಗದಿದ್ದರೆ ಮುಪ್ಪಿನಲ್ಲಿ ಅಜ್ಜಿ ಒಂಟಿಯಾಗುತ್ತಾಳೆ, ಮೊಮ್ಮಗಳು ಬೇರಿಲ್ಲದವಳಾಗುತ್ತಾಳೆ. ರಾತ್ರಿಯ ಊಟದ ಹೊತ್ತಿಗಾದರೂ ಮನೆಯವರೆಲ್ಲ ಕೂಡಿ ನಮ್ಮ ಮಾತಿನಲ್ಲಿ ಮನಸಾರೆ ನಗುವಂತಾಗಲಿ.