ಬೆಳವಣಿಗೆಗೂ ಒಂದು ಮಿತಿ ಬೇಕು

“ಮಗ ನನ್ನನ್ನೂ ಮೀರಿ ಬೆಳೆದ” ಎನ್ನುವಾಗ ಯಾವ ತಂದೆಗೂ ಹೆಮ್ಮೆಯೇ. ಎತ್ತರವೆಂದರೆ ಬಲ, ಬಲವೆಂದರೆ ಆರೋಗ್ಯ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಕನ್ನಡ ಪಾಠ ಹೇಳುವವರಿಗೆ ವೈದ್ಯರ ಮಾತೇಕೆ ಎಂದು ಕೆಲವರು ಕೇಳಬಹುದು. ಆದರೆ ದಿನವೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡುವವರು ನಾವೇ ಅಲ್ಲವೇ?

ಮೆದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿಯಿದೆ. ಬೆಳವಣಿಗೆಯ ಹಾರ್ಮೋನು ಅಲ್ಲಿಂದಲೇ ರಕ್ತಕ್ಕೆ ಸೇರುತ್ತದೆ. ಈ ಗ್ರಂಥಿಯಲ್ಲಿ ಕ್ಯಾನ್ಸರ್ ಅಲ್ಲದ ಸಣ್ಣ ಗಡ್ಡೆಯೊಂದು ಹುಟ್ಟಿದರೆ ಹಾರ್ಮೋನು ಅಳತೆ ಮೀರಿ ಹರಿಯಬಹುದು. ಎಲುಬು ಬೆಳೆಯುವ ವಯಸ್ಸಿನಲ್ಲಿ ಹೀಗಾದರೆ ಮಗು ದೈತ್ಯಾಕಾರಕ್ಕೆ ಬೆಳೆಯುತ್ತದೆ. ಆ ವಯಸ್ಸು ದಾಟಿದ ಮೇಲಾದರೆ ಎತ್ತರ ಹೆಚ್ಚದು. ಕೈ, ಪಾದ, ದವಡೆ, ಮೂಗು ದಪ್ಪವಾಗುತ್ತವೆ. ಇದಕ್ಕೆ 1886ರಲ್ಲಿ ಫ್ರಾನ್ಸಿನ ವೈದ್ಯ ಪಿಯರ್ ಮರೀ ಅವರು ಆಕ್ರೊಮೆಗಲಿ ಎಂದು ಹೆಸರಿಟ್ಟರು.

ಹೊರಗೆ ಕಾಣುವುದು ಇಷ್ಟು. ಕಾಣದೆ ಬೆಳೆಯುವುದು ಹೃದಯ. ಹಾರ್ಮೋನಿನ ಅಪ್ಪಣೆ ಎಲುಬಿಗೆ ಮಾತ್ರವಲ್ಲ, ಹೃದಯದ ಸ್ನಾಯುವಿಗೂ ತಲುಪುತ್ತದೆ. ಅದರ ಗೋಡೆ ದಪ್ಪವಾಗುತ್ತದೆ. ಮೊದಮೊದಲು ಹೃದಯ ಜೋರಾಗಿಯೇ ಕೆಲಸ ಮಾಡುವಂತೆ ತೋರುತ್ತದೆ. ಆದರೆ ದಪ್ಪಗೋಡೆ ಸರಿಯಾಗಿ ಸಡಿಲಗೊಳ್ಳದ ಕಾರಣ ಒಳಗೆ ರಕ್ತ ಸಲೀಸಾಗಿ ತುಂಬುವುದಿಲ್ಲ. ದೇಹದಲ್ಲಿ ಉಪ್ಪು, ನೀರು ನಿಂತು ರಕ್ತದೊತ್ತಡ ಏರುತ್ತದೆ. ಸಕ್ಕರೆ ಕಾಯಿಲೆಯೂ ಜೊತೆಗೂಡಬಹುದು. ಚಿಕಿತ್ಸೆಯಿಲ್ಲದೆ ವರ್ಷಗಳು ಉರುಳಿದರೆ ಬಡಿತದ ಲಯ ತಪ್ಪಿ, ಕವಾಟಗಳು ಕೆಟ್ಟು, ಕೊನೆಗೆ ಹೃದಯ ಸೋಲಬಹುದು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಬೇರೆ ಉದಾಹರಣೆ ಬೇಕೆ?

‘ದೈತ್ಯ ಆಂಡ್ರೆ’ ಎಂದು ಜಗತ್ತೇ ಕರೆದ ಫ್ರಾನ್ಸಿನ ಕುಸ್ತಿಪಟುವಿಗೆ ಇದೇ ಕಾಯಿಲೆಯಿತ್ತು. ಆತನ ಗಾತ್ರ ನೋಡಲು ಜನ ದುಡ್ಡು ಕೊಟ್ಟು ಬಂದರು, ಚಪ್ಪಾಳೆ ತಟ್ಟಿದರು. 1993ರ ಜನವರಿಯಲ್ಲಿ, 46ನೆಯ ವಯಸ್ಸಿಗೇ, ಆತನ ಹೃದಯ ನಿಂತಿತು. ಜನ ಮೆಚ್ಚಿದ ಆ ಗಾತ್ರ ಕಾಯಿಲೆಯ ಗುರುತಾಗಿತ್ತು.

ಹಾಗೆಂದು ಎತ್ತರದ ಮಕ್ಕಳನ್ನು ಕಂಡು ಗಾಬರಿ ಬೇಡ. ಉದ್ದನೆಯ ತಂದೆತಾಯಿಗೆ ಉದ್ದನೆಯ ಮಕ್ಕಳು ಸಹಜ. ಈ ಕಾಯಿಲೆ ಬಲು ಅಪರೂಪ. ಆದರೆ ಮನೆಯವರೆಲ್ಲರನ್ನೂ ಮೀರಿ ಮಗು ಒಂದೇ ಸಮನೆ ಬೆಳೆಯುತ್ತಿದ್ದರೆ, ತಲೆನೋವು ಬಿಡದಿದ್ದರೆ, ದೃಷ್ಟಿ ಮಂಕಾದರೆ ವೈದ್ಯರಿಗೆ ತೋರಿಸಿರಿ. ಬೆಳೆದವರಲ್ಲಿ ಉಂಗುರ ಬಿಗಿಯಾಗುವುದು, ಚಪ್ಪಲಿಯ ಅಳತೆ ಏರುವುದು, ಹಲ್ಲುಗಳ ನಡುವೆ ಸಂದಿ ಬೀಳುವುದು ಸೂಚನೆಗಳು. ರಕ್ತಪರೀಕ್ಷೆಯಿಂದ ರೋಗದ ಸುಳಿವು ಸಿಗುತ್ತದೆ. ಮೂಗಿನ ಮೂಲಕವೇ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಯಿದೆ, ಔಷಧಿಗಳಿವೆ. ಹಾರ್ಮೋನು ಹತೋಟಿಗೆ ಬಂದರೆ ದಪ್ಪವಾದ ಹೃದಯವೂ ಎಷ್ಟೋ ಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಬೇಗ ಗುರುತಿಸಿದಷ್ಟೂ ಲಾಭ.

ಇನ್ನೊಂದು ಮಾತು. ಹಾರ್ಮೋನು ನಿಜವಾಗಿ ಕಡಿಮೆಯಿರುವ ಮಕ್ಕಳಿಗೆ ವೈದ್ಯರು ಚುಚ್ಚುಮದ್ದು ಕೊಡುತ್ತಾರೆ, ಅದು ಸರಿಯೇ. ಆದರೆ ಮೈಕಟ್ಟಿಗಾಗಿ, ಆಟದಲ್ಲಿ ಗೆಲ್ಲುವುದಕ್ಕಾಗಿ ಅದನ್ನು ಕದ್ದು ಚುಚ್ಚಿಸಿಕೊಳ್ಳುವವರಿದ್ದಾರೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 1989ರಲ್ಲೇ ಇದನ್ನು ನಿಷೇಧಿಸಿತು. ವಿದ್ಯಾರ್ಥಿಗಳೇ, ಇಂಥ ಆಮಿಷಕ್ಕೆ ಬಲಿಯಾಗದಿರಿ. ಎತ್ತರ ಹೆಚ್ಚಿಸುವೆವೆಂಬ ಜಾಹೀರಾತುಗಳನ್ನು ನಂಬಿ ಪಾಲಕರು ದುಡ್ಡು ಸುರಿಯುವುದೂ ಬೇಡ.

ಶಾಲೆಯಲ್ಲಿ ವರ್ಷಕ್ಕೊಮ್ಮೆ ಎತ್ತರ, ತೂಕ ಬರೆದಿಟ್ಟರೆ ಸಾಲದು. ಹಿಂದಿನ ವರ್ಷದ ಅಂಕಿಯೊಂದಿಗೆ ಹೋಲಿಸಿ ನೋಡಬೇಕು, ಪಾಲಕರಿಗೆ ತಿಳಿಸಬೇಕು. ತರಗತಿಯ ಅತಿ ಎತ್ತರದ ಹುಡುಗನಿಗೆ ‘ತೆಂಗಿನಮರ’ ಎಂದು ಅಡ್ಡಹೆಸರಿಡುವುದನ್ನು ನೀವೂ ಬಿಡಬೇಕು. ನಗೆಗೆ ಅಂಜಿದ ಮಗು ತನ್ನ ನೋವನ್ನು ಯಾರಿಗೂ ಹೇಳುವುದಿಲ್ಲ.