ದಫ್ತರದ ತಪ್ಪಿಗೆ ಸಿಪಾಯಿಯು ದಂಡ ತೆರಬೇಕೆ?

ರಾಷ್ಟ್ರಕ್ಕಾಗಿ ಶಸ್ತ್ರವನ್ನು ಹಿಡಿದವನಿಗೆ ರಾಷ್ಟ್ರವು ಕೊಡತಕ್ಕ ಸಂಬಳ, ನಿವೃತ್ತಿ ವೇತನ, ಭೂಮಿ ಮೊದಲಾದವುಗಳ ವಿಷಯವಾಗಿ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಸಾಕಷ್ಟು ಚರ್ಚೆ ನಡೆಯುತ್ತದೆ. ಆದರೆ ಅವನಿಗೆ ಸಲ್ಲಬೇಕಾದ ಇನ್ನೊಂದು ಋಣವುಂಟು. ಅದರ ಮಾತನ್ನು ಎತ್ತುವವರು ವಿರಳ. ಅವನು ಎಲ್ಲಿ, ಯಾವಾಗ, ಎಷ್ಟು ದಿನ ಸೇವೆ ಮಾಡಿದನೆಂಬದನ್ನು ಸರಕಾರದ ದಫ್ತರದಲ್ಲಿ ಸರಿಯಾಗಿ ಬರೆದಿಡುವದೇ ಆ ಋಣವು. ಆ ಬರಹದಲ್ಲಿ ಒಂದು ಸಾಲು ಬಿಟ್ಟುಹೋದರೆ ಅವನ ಆಯುಷ್ಯದ ಒಂದು ಭಾಗವೇ ಬಿಟ್ಟುಹೋದಂತೆ. ಹೀಗೆ ಬಿಟ್ಟುಹೋದುದನ್ನು ತಿರುಗಿ ಸೇರಿಸುವ ಹೊಣೆ ಯಾರದು? ಮುಪ್ಪಿನ ಸಿಪಾಯಿಯದೋ, ಬರೆದಿಡಬೇಕಾಗಿದ್ದ ಸರಕಾರದ್ದೋ? ವಾಚಕರು ಈ ಪ್ರಶ್ನೆಯನ್ನು ಶಾಂತಚಿತ್ತದಿಂದ ವಿಚಾರಿಸಬೇಕೆಂದು ನಮ್ಮ ವಿನಂತಿ.

ಪದಕಗಳಲ್ಲಿ ಎರಡು ಬಗೆಗಳುಂಟು. ಒಂದು ಶೌರ್ಯಪದಕ, ಮತ್ತೊಂದು ಸೇವಾಪದಕ. ಶೌರ್ಯಪದಕಕ್ಕೆ ಮೇಲಧಿಕಾರಿಯ ಶಿಫಾರಸು ಬೇಕು, ಕಣ್ಣಾರೆ ಕಂಡವರ ಸಾಕ್ಷಿ ಬೇಕು, ಯೋಗ್ಯತೆಯ ತೂಕವಾಗಬೇಕು. ಸೇವಾಪದಕದ ಮಾತು ಹಾಗಲ್ಲ. ಗೊತ್ತುಪಡಿಸಿದ ಪ್ರದೇಶದಲ್ಲಿ, ಗೊತ್ತುಪಡಿಸಿದ ಕಾಲದಲ್ಲಿ ಸೇವೆ ಮಾಡಿದವನಿಗೆ ಅದು ಸಲ್ಲತಕ್ಕದ್ದೇ ಸರಿ. ನಮ್ಮ ದೇಶದ 1965ರ ಯುದ್ಧದ ಸಮರ ಸೇವಾ ಸ್ಟಾರ್, 1971ರ ಯುದ್ಧದ ಪೂರ್ವೀ ಸ್ಟಾರ್, ಪಶ್ಚಿಮೀ ಸ್ಟಾರ್, ಸಂಗ್ರಾಮ ಮೆಡಲ್ ಇವೆಲ್ಲ ಇಂಥವೇ. ಇವುಗಳನ್ನು ಕೊಡುವದರಲ್ಲಿ ಯಾರ ಔದಾರ್ಯವೂ ಇಲ್ಲ, ಯಾರ ಕೃಪೆಯೂ ಇಲ್ಲ. ಆದುದರಿಂದ ಸಲ್ಲಬೇಕಾದ ಸೇವಾಪದಕವು ಸಿಪಾಯಿಯ ಕಾಗದದಲ್ಲಿ ಕಾಣದಿದ್ದರೆ ಅದು ಲೆಕ್ಕದ ತಪ್ಪು. ಲೆಕ್ಕದ ತಪ್ಪನ್ನು ಲೆಕ್ಕ ಇಟ್ಟವನೇ ತಿದ್ದಬೇಕೆಂಬದು ಅಂಗಡಿಯ ಗುಮಾಸ್ತನಿಗೂ ಗೊತ್ತಿರುವ ನ್ಯಾಯವು.

“ಒಂದು ತುಂಡು ಲೋಹ, ನಾಲ್ಕು ಬೆರಳಿನ ರಿಬ್ಬನ್ನು, ಇದಕ್ಕಾಗಿ ಇಷ್ಟು ವಾದವೇಕೆ?” ಎಂದು ಕೇಳುವವರಿರಬಹುದು. ಅಂಥವರು ಅಮೇರಿಕ ದೇಶದ ಒಂದು ಉದಾಹರಣೆಯನ್ನು ನೋಡಬೇಕು. ವಿಯೆಟ್ನಾಮ್ ಯುದ್ಧದಲ್ಲಿ ಆ ದೇಶದ ದಂಡು ಕಾಡಿನ ಎಲೆಗಳನ್ನು ಉದುರಿಸುವದಕ್ಕಾಗಿ ಏಜೆಂಟ್ ಆರೆಂಜ್ ಎಂಬ ವಿಷದ್ರವವನ್ನು ಸಿಂಪಡಿಸಿತು. ಅದರ ದುಷ್ಫಲವನ್ನು ವಿಯೆಟ್ನಾಮಿನ ಪ್ರಜೆಗಳೂ ಉಂಡರು, ಸಿಂಪಡಿಸಿದ ಸೈನಿಕರೂ ಉಂಡರು. ಯಾವ ಸಿಪಾಯಿಗೆ ಎಷ್ಟು ವಿಷ ತಗಲಿತೆಂದು ಸಿದ್ಧಪಡಿಸುವದು ಅಸಾಧ್ಯವಾದ್ದರಿಂದ 1991ರಲ್ಲಿ ಅಲ್ಲಿ ಒಂದು ಕಾಯದೆಯಾಯಿತು. ಯುದ್ಧಕಾಲದಲ್ಲಿ ವಿಯೆಟ್ನಾಮಿನ ನೆಲದಲ್ಲಿ ಸೇವೆ ಮಾಡಿದವನಿಗೆ ವಿಷ ತಗಲಿತ್ತೆಂದೇ ತಿಳಿಯತಕ್ಕದ್ದು. ಗೊತ್ತುಪಡಿಸಿದ ರೋಗಗಳು ಬಂದರೆ ಅವು ಸೇವೆಯಿಂದ ಬಂದವೆಂದೇ ಎಣಿಸತಕ್ಕದ್ದು. ಇದು ಆ ಕಾಯದೆಯ ಸಾರಾಂಶ. ಆದರೆ ಈ ಲಾಭವೆಲ್ಲ “ಅವನು ಅಲ್ಲಿದ್ದನು” ಎಂಬ ಒಂದು ಸಾಲಿನ ಮೇಲೆ ನಿಂತಿದೆ. ಯಾವ ಕಾಗದದಲ್ಲಿ ಸೇವೆಯ ಸ್ಥಳವೂ ಪದಕವೂ ಬಿಟ್ಟುಹೋಗಿವೆಯೋ, ಆ ಕಾಗದವನ್ನು ಹಿಡಿದ ರೋಗಿಯು ಮೊದಲಿನಿಂದ ಪುರಾವೆಯನ್ನು ಹುಡುಕಬೇಕಾಗುವದು. ಈಗ ಹೇಳಿರಿ, ಅದು ಬರಿಯ ರಿಬ್ಬನ್ನೇ?

ದಫ್ತರದ ತಪ್ಪನ್ನು ತಿದ್ದುವ ಕಾಯದೆಯು ಅಮೇರಿಕದಲ್ಲಿ ಬೆಳೆದುಬಂದ ಬಗೆಯು ತಿಳಿಯತಕ್ಕದ್ದಾಗಿದೆ. 1946ರ ವರೆಗೆ ಅಲ್ಲಿ ಇಂಥ ಸಿಪಾಯಿಗೆ ಮುಖ್ಯವಾಗಿ ಉಳಿದಿದ್ದ ದಾರಿಯೆಂದರೆ, ತನ್ನ ಪ್ರಾಂತದ ಪ್ರತಿನಿಧಿಯನ್ನು ಹಿಡಿದು ತನ್ನೊಬ್ಬನ ಸಲುವಾಗಿ ಶಾಸನಸಭೆಯಲ್ಲಿ ಒಂದು ಖಾಸಗಿ ಮಸೂದೆಯನ್ನು ತರಿಸುವದು. ಕೈ ಹಿಡಿಯುವವರಿದ್ದವನ ಕಾಗದ ತಿದ್ದಲ್ಪಡುವದು. ಇಲ್ಲದವನದು ಹಾಗೆಯೇ ಉಳಿಯುವದು. ಆ ವರ್ಷ ಶಾಸನಸಭೆಯು ತನ್ನ ಕೆಲಸದ ಕ್ರಮವನ್ನು ಸುಧಾರಿಸುವಾಗ ಇಂಥ ಖಾಸಗಿ ಮಸೂದೆಗಳನ್ನು ನಿಷೇಧಿಸಿತು. ಅದಕ್ಕೆ ಬದಲಾಗಿ, ಸೈನಿಕರಲ್ಲದ ಅಧಿಕಾರಿಗಳ ಮಂಡಲಿಗಳ ಮೂಲಕ ದಾಖಲೆಗಳನ್ನು ತಿದ್ದುವ ಅಧಿಕಾರವನ್ನು ಸೇನಾಖಾತೆಯ ಕಾರ್ಯದರ್ಶಿಗಳಿಗೆ ಕೊಟ್ಟಿತು. ಇಂದು ಆ ದೇಶದ ಕಾಯದೆ ಸಂಗ್ರಹದ 10ನೆಯ ಭಾಗದ 1552ನೆಯ ಕಲಮಿನಲ್ಲಿ ಈ ಅಧಿಕಾರವಿದೆ. ತಪ್ಪನ್ನು ತಿದ್ದುವದಕ್ಕಾಗಿ ಮಾತ್ರವಲ್ಲ, ಅನ್ಯಾಯವನ್ನು ನಿವಾರಿಸುವದಕ್ಕಾಗಿಯೂ ದಾಖಲೆಯನ್ನು ತಿದ್ದಬಹುದೆಂದು ಆ ಕಲಮು ಹೇಳುತ್ತದೆ. ಈ ಎರಡು ಶಬ್ದಗಳನ್ನು ಜೊತೆಯಾಗಿ ಬರೆದ ಕಾಯದೆಗಾರರ ಬುದ್ಧಿಯನ್ನು ನಾವು ಮೆಚ್ಚಬೇಕು. ಅಕ್ಷರ ಸರಿಯಾಗಿದ್ದು ನ್ಯಾಯ ತಪ್ಪಿದ ಕಾಗದಗಳೂ ಇರುತ್ತವಷ್ಟೆ!

ಅಲ್ಲಿಯ ಸಿಪಾಯಿಗೆ ಬಿಡುಗಡೆಯ ಕಾಲದಲ್ಲಿ 214ನೆಯ ನಮೂನೆಯ ಒಂದು ಕಾಗದವು ಸಿಗುತ್ತದೆ. ಅವನ ಸೇವೆಯ ಸಾರವೂ ಪದಕಗಳ ಪಟ್ಟಿಯೂ ಅದರಲ್ಲಿರುತ್ತವೆ. ಅದರಲ್ಲಿ ಸಣ್ಣ ತಪ್ಪಿದ್ದರೆ ಖಾತೆಯವರೇ 215ನೆಯ ನಮೂನೆಯಿಂದ ತಿದ್ದಿಕೊಡುತ್ತಾರೆ. ಅವರು ಒಪ್ಪದಿದ್ದರೆ 149ನೆಯ ನಮೂನೆಯಲ್ಲಿ ಮಂಡಲಿಗೆ ಅರ್ಜಿಯನ್ನು ಕೊಡಬಹುದು. ತಪ್ಪು ಗೊತ್ತಾದ ಮೇಲೆ 3 ವರ್ಷಗಳ ಮುದತ್ತು ಉಂಟು; ಆದರೆ ನ್ಯಾಯದ ದೃಷ್ಟಿಯಿಂದ ಅವಶ್ಯವೆಂದು ಕಂಡರೆ ಮಂಡಲಿಯು ಆ ಮುದತ್ತನ್ನು ಮನ್ನಿಸಬಹುದು. ಸಿಪಾಯಿಯು ತೀರಿಕೊಂಡಿದ್ದರೆ ಅವನ ವಾರಸುದಾರರೂ ಅರ್ಜಿ ಮಾಡಬಹುದು. ಇಷ್ಟು ಒಳ್ಳೆಯ ವ್ಯವಸ್ಥೆಯಿದ್ದೂ ಅಲ್ಲಿಯ ಸಿಪಾಯಿಗಳ ಕಷ್ಟ ತೀರಿಲ್ಲ. ಇದಕ್ಕೆ ಕಾರಣಗಳು ಮೂರು ಸಂಗತಿಗಳಿಂದ ಗೊತ್ತಾಗುತ್ತವೆ.

ಮೊದಲನೆಯದು, ಪದಕವೇ ತಡವಾಗಿ ಹುಟ್ಟುವದು. ಕೊರಿಯದ ಯುದ್ಧವು 1953ರಲ್ಲಿ ನಿಂತಿತು. ಆದರೆ ಅಮೇರಿಕದ ದಂಡು ಅಲ್ಲಿಯೇ ಉಳಿಯಿತು. 1954ರ ಜುಲೈ 28ರ ನಂತರ ಅಲ್ಲಿ ಕಾವಲಿದ್ದವರಿಗಾಗಿ ಪ್ರತ್ಯೇಕ ಸೇವಾಪದಕವನ್ನು ಶಾಸನಸಭೆಯು ನಿರ್ಮಿಸಿದ್ದು 2002ರಲ್ಲಿ! ಎಡೆಬಿಡದೆ 30 ದಿನ, ಇಲ್ಲವೆ ಬಿಟ್ಟುಬಿಟ್ಟು 60 ದಿನ ಅಲ್ಲಿದ್ದವನು ಅದಕ್ಕೆ ಅರ್ಹನು. ಹಾಗಾದರೆ ನಡುವಿನ ಸುಮಾರು 48 ವರ್ಷಗಳಲ್ಲಿ ಬಿಡುಗಡೆಯಾದವರ ಗತಿಯೇನು? ಅವರ ಕಾಗದಗಳಲ್ಲಿ ಹುಟ್ಟದೇ ಇದ್ದ ಪದಕದ ಹೆಸರು ಹೇಗೆ ಇರಬೇಕು? ತಾರುಣ್ಯದಲ್ಲಿ ಕಾವಲಿದ್ದವನು ಮುಪ್ಪಿನಲ್ಲಿ ತಾನೇ ಆ ಕಾಯದೆಯ ಸುದ್ದಿಯನ್ನು ಕೇಳಿ, ತಾನೇ ಅರ್ಜಿ ಬರೆದು, ತನ್ನ ಕಾಗದವನ್ನು ತಿದ್ದಿಸಿಕೊಳ್ಳಬೇಕಾಯಿತು. ಸುದ್ದಿ ಮುಟ್ಟದವನ ಕಾಗದವು ಹಾಗೆಯೇ ಉಳಿಯಿತು.

ಎರಡನೆಯದು, ದಫ್ತರವೇ ನಾಶವಾಗುವದು. 1973ರ ಜುಲೈ 12ರಂದು ಸೇಂಟ್ ಲೂಯಿ ಪಟ್ಟಣದ ಸಮೀಪದ ಕೇಂದ್ರ ದಫ್ತರಕ್ಕೆ ಬೆಂಕಿ ಬಿದ್ದು 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಸೈನಿಕರ ಕಡತಗಳು ಸುಟ್ಟುಹೋದವು. 1912ರ ನವೆಂಬರದಿಂದ 1960ರ ಆರಂಭದ ವರೆಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ನೂರಕ್ಕೆ ಸುಮಾರು 80 ಹೋದವು. ಅವುಗಳ ನಕಲು ಪ್ರತಿಗಳನ್ನು ಇಟ್ಟಿರಲಿಲ್ಲ. ಎರಡು ಮಹಾಯುದ್ಧಗಳ ಸಿಪಾಯಿಗಳ ಚರಿತ್ರೆಯು ಹೀಗೆ ಬೂದಿಯಾಯಿತು. ಅಂದಿನಿಂದ ಸಂಬಳದ ರಸೀದಿ, ಪಲ್ಟಣದ ದಿನಚರಿ, ಆಸ್ಪತ್ರೆಯ ನೋಂದು ಮುಂತಾದವುಗಳಿಂದ ಆ ಕಡತಗಳನ್ನು ತುಂಡುತುಂಡಾಗಿ ಕಟ್ಟುವ ಕೆಲಸವು ನಡೆದಿದೆ. ಸಿಪಾಯಿಯು ಮನೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಒಂದು ಹಳೆಯ ಕಾಗದವು ಸರಕಾರದ ಬೃಹತ್ ಕಟ್ಟಡಕ್ಕಿಂತ ಹೆಚ್ಚು ಭದ್ರವಾದ ದಫ್ತರವೆನಿಸಿದ ಪ್ರಸಂಗಗಳುಂಟು.

ಮೂರನೆಯದು, ಬರೆಯುವವನ ಅನಾದರವು. ಹೆನ್ರಿ ಜಾನ್ಸನ್ ಎಂಬ ಕರಿಯ ಜನಾಂಗದ ಸಿಪಾಯಿಯು 1918ರ ಮೇ ತಿಂಗಳಲ್ಲಿ ಫ್ರಾನ್ಸಿನ ರಣಾಂಗಣದಲ್ಲಿ ರಾತ್ರಿಯ ಕಾವಲಿದ್ದಾಗ ಜರ್ಮನರ ಒಂದು ತಂಡವು ಮೇಲೆ ಬಿದ್ದಿತು. ಗಾಯಗೊಂಡ ತನ್ನ ಜೊತೆಗಾರನನ್ನು ಶತ್ರುಗಳು ಸೆರೆಯೊಯ್ಯದಂತೆ ಅವನು ಕೈಕೈ ಮಿಲಾಯಿಸಿ ಹೋರಾಡಿ, ಮೈತುಂಬ ಗಾಯಗಳನ್ನು ಹೊಂದಿದನು. ಫ್ರೆಂಚ್ ಸರಕಾರವು ಅವನಿಗೆ ತನ್ನ ಕ್ರಾ ದ ಗೇರ್ ಪದಕವನ್ನು ಕೊಟ್ಟು ಗೌರವಿಸಿತು. ಆದರೆ ಅವನ ಸ್ವಂತ ದೇಶದವರು ಕೊಟ್ಟ ಬಿಡುಗಡೆಯ ಕಾಗದದಲ್ಲಿ ಗಾಯಗಳ ಉಲ್ಲೇಖವೇ ಇರಲಿಲ್ಲ! 1929ರಲ್ಲಿ ಅವನು ತೀರಿಕೊಂಡನು. ಗಾಯಾಳುಗಳಿಗೆ ಸಲ್ಲುವ ಪರ್ಪಲ್ ಹಾರ್ಟ್ ಪದಕವು ಅವನ ಹೆಸರಿಗೆ ಬಂದದ್ದು 1996ರಲ್ಲಿ. ಅತ್ಯುಚ್ಚ ಶೌರ್ಯಪದಕವು ಬಂದದ್ದು 2015ರಲ್ಲಿ. ಪದಕವು ಬಂತು, ಧರಿಸುವ ಎದೆಯು ಇರಲಿಲ್ಲ. ದಫ್ತರದ ಲೇಖನಿಯು ತಾನಾಗಿ ಕುರುಡಾಗಿರುವದಿಲ್ಲ. ಹಿಡಿದವನ ಕಣ್ಣಿಗೆ ಯಾರು ಕಾಣುವದಿಲ್ಲವೋ ಅವರು ಲೇಖನಿಗೂ ಕಾಣುವದಿಲ್ಲ.

ಈಗ ಕಾಯದೆಯ ತತ್ವಕ್ಕೆ ಬರೋಣ. ಅಮೇರಿಕದ ಮಂಡಲಿಗಳು ದಫ್ತರದ ಕೆಲಸವು ಕ್ರಮವಾಗಿಯೇ ನಡೆದಿದೆಯೆಂಬ ಗೃಹೀತದಿಂದ ವಿಚಾರಣೆಯನ್ನು ಪ್ರಾರಂಭಿಸುತ್ತವೆ. ತಪ್ಪಾಗಿದೆಯೆಂದು ಸಿದ್ಧಪಡಿಸುವ ಭಾರವು ಅರ್ಜಿದಾರನದು. ನಮ್ಮ ವಕೀಲ ಬಂಧುಗಳಿಗೆ ಈ ಗೃಹೀತವು ಹೊಸದಲ್ಲ. 1872ರ ಸಾಕ್ಷ್ಯದ ಕಾಯದೆಯ 114ನೆಯ ಕಲಮಿನಲ್ಲಿ ಅದು ಇತ್ತು. ಆ ಕಾಯದೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೆಯ ಕಲಮಿನಲ್ಲಿಯೂ ಇದೆ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ತತ್ವವೂ ಇದೆ. ತನ್ನ ಕೈಯಲ್ಲಿರುವ ಪುರಾವೆಯನ್ನು ಹಾಜರುಪಡಿಸದವನಿಗೆ ಆ ಪುರಾವೆಯು ಪ್ರತಿಕೂಲವಾಗಿತ್ತೆಂದು ನ್ಯಾಯಾಧೀಶನು ಊಹಿಸಬಹುದು ಎಂಬದೇ ಅದು. ಪಲ್ಟಣದ ನೋಂದುಗಳು ಯಾರ ಕೈಯಲ್ಲಿವೆ? ಸರಕಾರದ ಕೈಯಲ್ಲಿ. ಬೀಗವೂ ಅದರದು, ಬೀಗದ ಕೈಯೂ ಅದರದು. ಹೀಗಿರಲು, ಬೀಗದ ಹೊರಗೆ ನಿಂತವನಿಗೆ “ಒಳಗಿನ ಕಾಗದವನ್ನು ತಂದು ತೋರಿಸು” ಎನ್ನುವದು ಯಾವ ನ್ಯಾಯ? ಕ್ರಮದ ಗೃಹೀತವು ಸರಕಾರಕ್ಕೆ ಸಲ್ಲುವದಾದರೆ, ಕಳೆದ ಕಾಗದದ ಸಂಶಯದ ಲಾಭವು ಸಿಪಾಯಿಗೂ ಸಲ್ಲಲೇಬೇಕು.

ಸುಳ್ಳು ಹಕ್ಕು ಹೇಳುವವರು ಹುಟ್ಟಿಕೊಳ್ಳುವರಲ್ಲವೆ ಎಂಬ ಆಕ್ಷೇಪವನ್ನು ನಾವು ಅಲ್ಲಗಳೆಯುವದಿಲ್ಲ. ಅಮೇರಿಕದಲ್ಲಿ ಇಲ್ಲದ ಪದಕಗಳನ್ನು ಕೊಚ್ಚಿಕೊಳ್ಳುವವರ ವಿರುದ್ಧ 2006ರಲ್ಲಿ ಕಾಯದೆ ಮಾಡಿದರು. ಬರಿಯ ಸುಳ್ಳುಮಾತನ್ನು ಶಿಕ್ಷಿಸುವದು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2012ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಲಾಭಕ್ಕಾಗಿ ವಂಚಿಸುವವರಿಗೆ ಮಾತ್ರ ಅನ್ವಯಿಸುವಂತೆ 2013ರಲ್ಲಿ ತಿರುಗಿ ಕಾಯದೆಯಾಯಿತು. ಇದರಿಂದ ತಿಳಿಯತಕ್ಕದ್ದೇನು? ಕಳ್ಳನಾಣ್ಯವಿದೆಯೆಂದು ಟಂಕಸಾಲೆಯನ್ನು ಮುಚ್ಚುವವರಿಲ್ಲ. ನಿಜವಾದ ಪಟ್ಟಿಯು ಪೂರ್ಣವಾಗಿದ್ದರೇನೇ ಸುಳ್ಳುಗಾರನನ್ನು ಹಿಡಿಯುವದು ಸುಲಭವು.

ಇನ್ನು ನಮ್ಮ ನಾಡಿನ ಮಾತು. ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ, ಇತರ ಎಷ್ಟೋ ಪಲ್ಟಣಗಳಲ್ಲಿ ಸೇವೆ ಮಾಡಿದ ಕನ್ನಡಿಗರಿದ್ದಾರೆ. ಕೊಡಗಿನಲ್ಲಂತೂ ಸೈನಿಕರನ್ನು ಕಾಣದ ಮನೆತನಗಳು ಕಡಿಮೆ. ನಮ್ಮ ಸೇನೆಯಲ್ಲಿ ಸಿಪಾಯಿಯ ಸೇವೆಯ ಸಂಗತಿಗಳು ‘ಪಾರ್ಟ್ ಟೂ’ ಹುಕುಮುಗಳ ಮೂಲಕ ಪ್ರಕಟವಾಗಿ ರೆಕಾರ್ಡ್ಸ್ ಕಚೇರಿಯ ನೋಂದಿನಲ್ಲಿ ಸೇರುತ್ತವೆ. ನಿವೃತ್ತನಾಗುವಾಗ ಅವನ ಕೈಗೆ ಡಿಸ್‌ಚಾರ್ಜ್ ಪುಸ್ತಕವು ಬರುತ್ತದೆ. 1971ರಲ್ಲಿ 20 ವರ್ಷದ ತರುಣನಾಗಿದ್ದವನು ಇಂದು 70ನ್ನು ದಾಟಿದ ವೃದ್ಧನು. ಅವನ ಪುಸ್ತಕದಲ್ಲಿ ಸಲ್ಲತಕ್ಕ ಪದಕವು ಬಿಟ್ಟುಹೋಗಿದ್ದರೆ ತಿದ್ದಿಸಲು ಇನ್ನೆಷ್ಟು ಕಾಲ ಉಳಿದಿದೆ? ಅವನ ಸಂಗಡಿಗರು ಬದುಕಿರುವ ತನಕವೇ ಸಾಕ್ಷಿಯು ಬದುಕಿರುತ್ತದೆ.

ಆದುದರಿಂದ ಸರಕಾರಕ್ಕೆ ನಮ್ಮ ಸೂಚನೆಗಳಿವು. ಹೊಸ ಪದಕವನ್ನು ನಿರ್ಮಿಸಿದಾಗ ತನ್ನ ನೋಂದುಗಳಿಂದ ತಾನೇ ಅರ್ಹರನ್ನು ಹುಡುಕಿ ತಿಳಿಸಬೇಕು. ತನ್ನ ವಶದಲ್ಲಿದ್ದ ಕಾಗದವು ಕಳೆದಿದ್ದರೆ ಸಂಗಡಿಗರ ಪ್ರಮಾಣಪತ್ರ, ಹಳೆಯ ಪತ್ರ, ಸಂಬಳದ ಲೆಕ್ಕ ಇವುಗಳನ್ನು ಉದಾರವಾಗಿ ಒಪ್ಪಬೇಕು. ಇಂಥ ತಿದ್ದುಪಡಿಗೆ ಮುದತ್ತಿನ ಅಡ್ಡಿಯನ್ನು ಒಡ್ಡಬಾರದು. ಸೇವಾ ತಕರಾರುಗಳಿಗಾಗಿ 2007ರ ಕಾಯದೆಯಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಲಿಯ ಪೀಠವು ಕೊಚ್ಚಿಯಲ್ಲಿದೆ. ಅಲ್ಲಿ ಅಂತಿಮ ಹುಕುಮಿನಿಂದ 6 ತಿಂಗಳ ಮುದತ್ತು, ಸಕಾರಣವಿದ್ದರೆ ಮನ್ನಣೆ ಉಂಟು. ಆದರೆ ಹಳ್ಳಿಯ ಮುದುಕನು ಒಂದು ಸಾಲಿನ ತಿದ್ದುಪಡಿಗಾಗಿ ನ್ಯಾಯಮಂಡಲಿಯ ಮೆಟ್ಟಿಲನ್ನು ಹತ್ತುವಂತಾಗುವದೇ ಆಡಳಿತಕ್ಕೆ ಶೋಭಿಸುವದಿಲ್ಲ.

ನಮ್ಮ ಶಿಕ್ಷಕ ಬಂಧುಗಳಲ್ಲಿಯೂ ಪಟ್ಟಣಗಳ ವಿದ್ಯಾವಂತರಲ್ಲಿಯೂ ನಮ್ಮದೊಂದು ಪ್ರಾರ್ಥನೆ. ನಿಮ್ಮ ಊರಿನ ನಿವೃತ್ತ ಸೈನಿಕರ ಮನೆಗೆ ಒಂದು ಸಂಜೆ ಹೋಗಿರಿ. ಡಿಸ್‌ಚಾರ್ಜ್ ಪುಸ್ತಕವನ್ನು ಬಿಡಿಸಿ ಓದಿರಿ; ಯಾವ ವರ್ಷ ಎಲ್ಲಿದ್ದಿರೆಂದು ಕೇಳಿ ಬರೆದುಕೊಳ್ಳಿರಿ; ಜೊತೆಯಲ್ಲಿದ್ದವರ ಹೆಸರುಗಳನ್ನು ಕೇಳಿರಿ. ಪುಸ್ತಕದ ಒಂದು ನಕಲು ಪ್ರತಿಯನ್ನು ಮಾಡಿಸಿ ಬೇರೆ ಕಡೆ ಇರಿಸಿರಿ. ಪದಕವು ಬಿಟ್ಟುಹೋಗಿದೆಯೆಂದು ಕಂಡರೆ ಸೈನಿಕ ಸಂಖ್ಯೆ, ಪಲ್ಟಣ, ತಾರೀಖುಗಳನ್ನು ನಮೂದಿಸಿ ರೆಕಾರ್ಡ್ಸ್ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಅರ್ಜಿ ಕಳಿಸಿರಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ನೆರವನ್ನು ಬೇಡಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯದೆಯಂತೆ ಕೇಳಿರಿ. ಗಡಿಯಲ್ಲಿ ಕಾವಲಿರುವದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಕಾವಲಿದ್ದು ಬಂದವನ ಪರವಾಗಿ ಒಂದು ಅರ್ಜಿಯನ್ನು ಬರೆಯುವದು ಅಕ್ಷರ ಬಲ್ಲ ಪ್ರತಿಯೊಬ್ಬನಿಂದಲೂ ಆಗುವ ಕೆಲಸ. ಅದನ್ನು ಈ ವಾರವೇ ಮಾಡಿರಿ.